ಫೋಟೊ ಫ್ರೇಮಿನ ಟರ್ಮಿನಲ್ಲಿಗೆ ಎಷ್ಟು ಅಂಕ?

ನಮ್ಮ ಕಾಲೇಜಿನ ಬೋಧನೋಪಕರಣಗಳ ಕಪಾಟಿನಲ್ಲಿ ಥರ್ಮಾಕೋಲಿನ ಕಂಪ್ಯೂಟರುಗಳು ನಾಲ್ಕಿವೆ. ಬೂದು ಬಣ್ಣದ ಮಾನಿಟರ್, ಬಿಳಿ ಕಾಗದದ ಚೌಕಗಳನ್ನು ಅಂಟಿಸಿದ ಕೀಲಿಮಣೆ, ಕಪ್ಪು ದಾರದ ಬಾಲವಿರುವ ಮೌಸ್. ಮಾಡಿದವರ ಶ್ರಮ ಎದ್ದು ಕಾಣುತ್ತದೆ. ಆದರೆ ಕಪಾಟಿನ ಎದುರು ಕೋಣೆಯಲ್ಲೇ ನಿಜವಾದ ಕಂಪ್ಯೂಟರುಗಳಿವೆ. ಅಭ್ಯಾಸ ಶಾಲೆಗಳಲ್ಲೂ ಒಂದೆರಡಾದರೂ ಇವೆ. ಹತ್ತು ಹೆಜ್ಜೆ ದೂರದಲ್ಲಿರುವ ವಸ್ತುವಿಗೆ ಮಾದರಿ ಏಕೆ ಎಂದು ಪ್ರಶಿಕ್ಷಣಾರ್ಥಿಗಳನ್ನು ಕೇಳಿದರೆ ಪ್ರಾಮಾಣಿಕವಾದ ಉತ್ತರವೇ ಬರುತ್ತದೆ: "ಬೋಧನೋಪಕರಣಕ್ಕೆ ಅಂಕ ಇದೆಯಲ್ಲ ಸರ್."

ಈ ಸಲದ ಬೋಧನಾಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಒಂಬತ್ತನೇ ತರಗತಿಗೆ ತೆಗೆದುಕೊಂಡು ಹೋದ ಉಪಕರಣ ಬೇರೆ ಬಗೆಯದು. ಯಾರದೋ ಮನೆಯ ಷೋಕೇಸಿನಲ್ಲಿ ಧೂಳು ತಿನ್ನುತ್ತಿದ್ದ ಡಿಜಿಟಲ್ ಫೋಟೊ ಫ್ರೇಮ್ ಅದು. ಅದರಲ್ಲಿ ಫೋಟೊ ಬರುತ್ತಿರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಲಿನಕ್ಸ್ ಟರ್ಮಿನಲ್ಲಿನ ಅಕ್ಷರಗಳು ಬರುತ್ತಿದ್ದವು. ಇದಕ್ಕೆ ಸಿಕ್ಕ ಅಂಕ ಥರ್ಮಾಕೋಲಿಗೆ ಸಿಗುವುದಕ್ಕಿಂತ ಕಡಿಮೆ. ಗಾತ್ರ ಸಾಲದು, ಆಕರ್ಷಕವಾಗಿಲ್ಲ, ಹಿಂದಿನ ಬೆಂಚಿಗೆ ಕಾಣುವುದಿಲ್ಲ ಎಂದು ವೀಕ್ಷಕರು ಬರೆದಿದ್ದರು. ಮೂರೂ ನಿಜವೇ. ಆದರೂ ಕಳೆದ ಕೆಲವು ವರ್ಷಗಳಲ್ಲಿ ನಾನು ನೋಡಿದ ಕಂಪ್ಯೂಟರ್ ಪಾಠಗಳಲ್ಲಿ ಇಷ್ಟು ಕೆಲಸ ಮಾಡಿದ ಬೋಧನೋಪಕರಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ತಪ್ಪು ನಮ್ಮ ಮೌಲ್ಯಮಾಪನ ನಮೂನೆಯಲ್ಲಿದೆ.

ಮೊದಲು ಅದೇನು ಎಂದು ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಡಿಜಿಟಲ್ ಫೋಟೊ ಫ್ರೇಮ್ ಮದುವೆ, ಗೃಹಪ್ರವೇಶಗಳ ಮೆಚ್ಚಿನ ಉಡುಗೊರೆಯಾಗಿತ್ತು. ಫೋನುಗಳು ಬಂದ ಮೇಲೆ ಮೂಲೆ ಸೇರಿತು. ಅದರೊಳಗೆ ಒಂದು ಪರದೆ, ಸ್ವಲ್ಪ ಮೆಮೊರಿ, ಚಿತ್ರವನ್ನು ಬಿಡಿಸಿ ತೋರಿಸುವ ಒಂದು ಚಿಪ್ಪು ಇರುತ್ತವೆ. ಅಂದರೆ ಅದೂ ಒಂದು ಪುಟ್ಟ ಕಂಪ್ಯೂಟರೇ. ಲಿನಕ್ಸ್ ಹವ್ಯಾಸಿಗಳು ಇದನ್ನು ಬೇಗ ಗುರುತಿಸಿದರು. ಕೀಲಿಗೊಂಚಲಿಗೆ ತೂಗುಹಾಕುವ 128×128 ಬಿಂದುಗಳ ಅಗ್ಗದ ಫ್ರೇಮುಗಳಲ್ಲಿ ಎಸ್‌ಟಿ2205ಯು ಅಥವಾ ಎಎಕ್ಸ್206 ಎಂಬ ಚಿಪ್ಪುಗಳಿರುತ್ತಿದ್ದವು. ಮೊದಲನೆಯದು 6502 ವಂಶದ್ದು, ಎರಡನೆಯದು 8051 ವಂಶದ್ದು. ಎರಡೂ 8 ಬಿಟ್‌ನವು. ಇವುಗಳ ಒಳತಂತ್ರಾಂಶವನ್ನು ಬದಲಿಸಿ, ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರೇ ನೇರವಾಗಿ ಚಿತ್ರ ಕಳಿಸುವಂತೆ ಮಾಡಿದರು. ದೊಡ್ಡ ಫ್ರೇಮುಗಳಲ್ಲಿ ಕೆಲವಕ್ಕೆ ಇಷ್ಟು ಕಷ್ಟವೂ ಬೇಡ. ಸ್ಯಾಮ್‌ಸಂಗ್‌ನ ಎಸ್‌ಪಿಎಫ್-87ಎಚ್ ಅಂಥದ್ದು. ಸಿಕ್ಕಿಸಿದಾಗ ಪೆನ್ ಡ್ರೈವಿನಂತೆ ಕಾಣುತ್ತದೆ. ಒಂದು ನಿಯಂತ್ರಣ ಸಂದೇಶ ಕಳಿಸಿದರೆ 'ಮಿನಿ ಮಾನಿಟರ್' ಆಗಿ ಬದಲಾಗುತ್ತದೆ. ಆಮೇಲೆ ಕಳಿಸಿದ ಪ್ರತಿಯೊಂದು ಜೆಪೆಗ್ ಚಿತ್ರವನ್ನೂ ಪರದೆಯ ಮೇಲೆ ಹಾಕುತ್ತಾ ಹೋಗುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಯ ಫ್ರೇಮ್ ಈ ಎರಡನೇ ಬಗೆಯದು. ಬೆಸುಗೆ ಇಲ್ಲ, ತಿರುಪು ಬಿಚ್ಚುವುದಿಲ್ಲ, ಒಂದು ತಂತಿ ಮತ್ತು ಒಂದು ಸಣ್ಣ ಪ್ರೋಗ್ರಾಂ ಅಷ್ಟೆ.

ಟರ್ಮಿನಲ್ಲಿನ ಅಕ್ಷರಗಳು ಅಲ್ಲಿಗೆ ಹೋಗುವ ಬಗೆಯಲ್ಲೇ ಪಾಠದ ಸಾರ ಇದೆ. ಲಿನಕ್ಸಿನಲ್ಲಿ 'ಡೆವ್' ಕೋಶದೊಳಗೆ 'ವಿಸಿಎಸ್' ಎಂಬ ಹೆಸರಿನ ಕಡತಗಳಿವೆ. ಪಠ್ಯ ಪರದೆಯ ಮೇಲೆ ಈ ಕ್ಷಣ ಯಾವ ಅಕ್ಷರಗಳಿವೆಯೋ ಅವೆಲ್ಲ ಸಾಲಾಗಿ ಆ ಕಡತದಲ್ಲಿ ಓದಲು ಸಿಗುತ್ತವೆ. ಅದನ್ನು ತೆರೆಯಲು ನಿರ್ವಾಹಕರ ಅನುಮತಿ ಬೇಕು. ಪ್ರೋಗ್ರಾಂ ಆ ಅಕ್ಷರಗಳನ್ನು ಓದುತ್ತದೆ, ಒಂದೊಂದನ್ನೂ ಚೌಕಳಿ ಹಾಳೆಯ ಮನೆಯಲ್ಲಿ ಬರೆದಂತೆ ಬರೆಯುತ್ತದೆ, ಇಡೀ ಹಾಳೆಯನ್ನು ಜೆಪೆಗ್ ಮಾಡಿ ಫ್ರೇಮಿಗೆ ಕಳಿಸುತ್ತದೆ. ಫ್ರೇಮ್ ತನಗೆ ಗೊತ್ತಿರುವ ಒಂದೇ ಕೆಲಸವನ್ನು ಮಾಡುತ್ತದೆ: ಬಂದ ಫೋಟೊ ತೋರಿಸುವುದು. ಅಕ್ಷರ ಬದಲಾದಾಗಲೆಲ್ಲ ಹೊಸ ಫೋಟೊ.

ಇದರಲ್ಲಿ ಗಣಿತದವರಿಗೂ ಕೆಲಸವಿದೆ. 800×480 ಬಿಂದುಗಳ ಪರದೆಯಲ್ಲಿ ಒಂದು ಅಕ್ಷರಕ್ಕೆ 8 ಬಿಂದು ಅಗಲ, 16 ಬಿಂದು ಎತ್ತರದ ಮನೆ ಕೊಟ್ಟರೆ ಸಾಲಿಗೆ 100 ಅಕ್ಷರ, ಒಟ್ಟು 30 ಸಾಲು. 1978ರ ವಿಟಿ100 ಟರ್ಮಿನಲ್ಲಿನಲ್ಲಿ ಇದ್ದದ್ದು 80 ಅಕ್ಷರಗಳ 24 ಸಾಲು. ಅದಕ್ಕೆ ಇಲ್ಲಿ 640×384 ಬಿಂದು ಸಾಕು. 3,000 ಅಕ್ಷರಗಳ ಪಠ್ಯವು 3,000 ಬೈಟುಗಳಷ್ಟೇ. ಅದೇ ಬಣ್ಣದ ಚಿತ್ರವಾದಾಗ, ಕುಗ್ಗಿಸುವ ಮೊದಲು, ಬಿಂದುವಿಗೆ 3 ಬೈಟಿನಂತೆ 11,52,000 ಬೈಟು. ಪಠ್ಯಕ್ಕೂ ಪಠ್ಯದ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ನಾವು ವ್ಯಾಖ್ಯೆಯಾಗಿ ಬರೆಸುತ್ತೇವೆ. ಇಲ್ಲಿ ಮಕ್ಕಳು ಅದನ್ನು ಗುಣಿಸಿ ನೋಡಿದರು. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಕುಗ್ಗಿಸುವುದರಿಂದ, ಗುಣಮಟ್ಟ ಇಳಿಸಿದಾಗ ಅಕ್ಷರಗಳ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ. ಅದನ್ನು ಮೊದಲು ಗಮನಿಸಿದ್ದು ಮುಂದಿನ ಬೆಂಚಿನ ಒಬ್ಬ ಹುಡುಗ, ಪಾಠ ಮಾಡುತ್ತಿದ್ದವರಲ್ಲ.

ಆ ತರಗತಿಯ ಒಂದು ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. "ಕಂಪ್ಯೂಟರ್ ತೋರಿಸಿ" ಎಂದಾಗ ಹೆಚ್ಚಿನ ಮಕ್ಕಳು ಮಾನಿಟರಿನ ಕಡೆ ಕೈ ತೋರಿಸಿದರು. ಪ್ರತಿ ವರ್ಷವೂ ಹೀಗೇ. ಪ್ರಶಿಕ್ಷಣಾರ್ಥಿ ತಿದ್ದಲಿಲ್ಲ. ಪ್ರತಿ ಸೆಕೆಂಡಿಗೊಮ್ಮೆ ಒಂದೊಂದು ಸಂಖ್ಯೆಯನ್ನು ಕಡತಕ್ಕೆ ಬರೆಯುವ ಪುಟ್ಟ ಆಜ್ಞೆಯನ್ನು ಓಡಿಸಿ, ಮಾನಿಟರಿನ ತಂತಿ ಕಿತ್ತರು. ಎಣಿಕೆ ಫ್ರೇಮಿನಲ್ಲಿ ಮುಂದುವರಿಯಿತು. ಆಮೇಲೆ ಫ್ರೇಮಿನ ತಂತಿಯನ್ನೂ ಕಿತ್ತರು. "ಈಗ ಎಣಿಕೆ ನಿಂತಿತಾ, ನಡೀತಾ ಇದೆಯಾ? ಕೈ ಎತ್ತಿ." ತರಗತಿ ಎರಡು ಹೋಳಾಯಿತು. ಒಂದು ನಿಮಿಷ ಕಾದು ಫ್ರೇಮನ್ನು ಮತ್ತೆ ಸಿಕ್ಕಿಸಿದಾಗ ಸಂಖ್ಯೆ ಅರವತ್ತಕ್ಕೂ ಹೆಚ್ಚು ಮುಂದೆ ಹೋಗಿತ್ತು. ಪರದೆ ಕಂಪ್ಯೂಟರಲ್ಲ ಎಂಬ ಮಾತನ್ನು ಆ ತರಗತಿಯಲ್ಲಿ ಯಾರೂ ಕಪ್ಪುಹಲಗೆಯ ಮೇಲೆ ಬರೆಯಬೇಕಾಗಲಿಲ್ಲ. ಎರಡನೆಯ ಮಾನಿಟರ್ ಇದ್ದಿದ್ದರೂ ಇದನ್ನೇ ಮಾಡಬಹುದಿತ್ತಲ್ಲ ಎನ್ನಬಹುದು. ಮಾಡಬಹುದಿತ್ತು. ಆದರೆ ಮಾನಿಟರನ್ನು ಮಕ್ಕಳು ಕಂಪ್ಯೂಟರಿನ ಅಂಗವೆಂದೇ ತಿಳಿದಿರುತ್ತಾರೆ. ಅಜ್ಜಿಯ ಫೋಟೊ ತೋರಿಸಬೇಕಾದ ವಸ್ತುವಿನಲ್ಲಿ ಆಜ್ಞೆಯ ಉತ್ತರ ಬಂದಾಗ ಆ ತಿಳಿವಳಿಕೆ ಅಲುಗಾಡುತ್ತದೆ.

ಒಂದು ತಾಂತ್ರಿಕ ತಕರಾರನ್ನು ನಾನೇ ಎತ್ತುತ್ತೇನೆ. ಇದು ಪೂರ್ಣಾರ್ಥದಲ್ಲಿ ಟರ್ಮಿನಲ್ ಅಲ್ಲ, ಟರ್ಮಿನಲ್ಲಿನ ಮುಖ ಮಾತ್ರ. ವಿಟಿ100ರಲ್ಲಿ ಕೀಲಿಮಣೆಯಿತ್ತು, ಅದರದೇ ಆದ ಇಂಟೆಲ್ 8080 ಪ್ರೊಸೆಸರ್ ಇತ್ತು, ಅಕ್ಷರದ ಆಕಾರ ಬಿಡಿಸುವ ಕೆಲಸವನ್ನು ಅದೇ ಮಾಡುತ್ತಿತ್ತು. ತಂತಿಯಲ್ಲಿ ಬರುತ್ತಿದ್ದದ್ದು ಅಕ್ಷರದ ಸಂಕೇತ ಮಾತ್ರ. ಫ್ರೇಮಿನಲ್ಲಿ ಆಕಾರ ಬಿಡಿಸುವುದು ಕಂಪ್ಯೂಟರು. ಪಾಠ ಟಿಪ್ಪಣಿಯಲ್ಲಿ 'ಟರ್ಮಿನಲ್ ಪ್ರದರ್ಶಕ' ಎಂದು ಬರೆಯುವುದು ಸರಿ, 'ಟರ್ಮಿನಲ್' ಎಂದಷ್ಟೇ ಬರೆದರೆ ಸಡಿಲ. 'ಹ್ಯಾಕ್' ಎಂಬ ಪದಕ್ಕೂ ಒಬ್ಬರು ಸಹೋದ್ಯೋಗಿ ಆಕ್ಷೇಪ ಎತ್ತಿದರು, ಬ್ಯಾಂಕ್ ಖಾತೆ ದೋಚುವವರ ಮಾತಾಯಿತಲ್ಲ ಎಂದು. ಆ ಪದ ಟಿಪ್ಪಣಿಯಲ್ಲಿ ಇರಲಿ ಎಂಬುದೇ ನನ್ನ ನಿಲುವು. ನಮ್ಮದೇ ವಸ್ತುವನ್ನು ತಯಾರಕರು ಹೇಳದ ಕೆಲಸಕ್ಕೆ ಹಚ್ಚುವುದಕ್ಕೂ ಇನ್ನೊಬ್ಬರ ಬೀಗ ಒಡೆಯುವುದಕ್ಕೂ ಇರುವ ಅಂತರವನ್ನು ಶಾಲೆಯಲ್ಲಿ ಹೇಳಿಕೊಡದಿದ್ದರೆ ಮಕ್ಕಳು ಅದನ್ನು ಟಿವಿ ಸುದ್ದಿಯಿಂದ ಕಲಿಯುತ್ತಾರೆ.

ಈಗ ನನಗೆ ನಿಜವಾಗಿ ಬೇಸರ ತರಿಸಿದ ಸಂಗತಿಗೆ ಬರುತ್ತೇನೆ. ಏಳು ಇಂಚಿನ ಪರದೆಯನ್ನು ನಲವತ್ತು ಮಕ್ಕಳು ಒಟ್ಟಿಗೆ ನೋಡಲಾಗದು ಎಂದು ಪ್ರಶಿಕ್ಷಣಾರ್ಥಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಐದೈದು ಮಕ್ಕಳನ್ನು ಮೇಜಿನ ಬಳಿಗೆ ಕರೆಯುತ್ತಿದ್ದರು. ಉಳಿದವರ ಕೈಗೆ ಚೌಕಳಿ ಹಾಳೆ ಕೊಟ್ಟು, 8 ಅಗಲ 16 ಎತ್ತರದ ಮನೆಯಲ್ಲಿ ಇಂಗ್ಲಿಷಿನ 'ಎ' ಅಕ್ಷರವನ್ನೂ ಕನ್ನಡದ 'ಅ'ವನ್ನೂ ಚೌಕ ತುಂಬಿಸಿ ಬರೆಯಲು ಹೇಳಿದ್ದರು. ಆಗ ಒಬ್ಬಳು ಹುಡುಗಿ ಕೇಳಿದಳು: "ಮಿಸ್, 'ಕ್ಷ'ಕ್ಕೆ ಒಂದು ಮನೆ ಸಾಕಾಗುತ್ತಾ? ಒತ್ತು ಎಲ್ಲಿ ಹಾಕೋದು?"

ಆ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ಕೊಟ್ಟ ಉತ್ತರ: "ನನಗೂ ಗೊತ್ತಿಲ್ಲ. ಇವತ್ತು ಮಾಡಿ ನೋಡ್ತೀನಿ, ನಾಳೆ ಹೇಳ್ತೀನಿ." ವೀಕ್ಷಣಾ ಪುಸ್ತಕದಲ್ಲಿ ಬಿದ್ದ ಷರಾ: "ವಿಷಯ ಪ್ರಭುತ್ವ ಸಾಲದು." ಈ ಷರಾವನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಎಷ್ಟು ಆಳದ್ದು ನೋಡಿ. ಲಿನಕ್ಸಿನ ಪಠ್ಯ ಪರದೆ ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಅದರ ಅಕ್ಷರಗುಚ್ಛದಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ಇಂಗ್ಲಿಷಿಗೆ ಅದು ಬೇಕಾದಷ್ಟಾಯಿತು. ಕನ್ನಡದಲ್ಲಿ ಕಣ್ಣಿಗೆ ಒಂದಾಗಿ ಕಾಣುವ 'ಕ್ಷ' ಯೂನಿಕೋಡಿನಲ್ಲಿ ಮೂರು ಸಂಕೇತ: ಕ, ಹಲಂತ ಚಿಹ್ನೆ, ಷ. 'ಸ್ತ್ರೀ' ಆರು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 18 ಬೈಟು. ಈ ಸಂಕೇತಗಳನ್ನು ಸೇರಿಸಿ, ಒತ್ತನ್ನು ಕೆಳಗಿಳಿಸಿ, ದೀರ್ಘವನ್ನು ಬಲಕ್ಕೆ ಚಾಚಿ ಆಕಾರ ಕಟ್ಟುವ ಕೆಲಸ ಪಠ್ಯ ಪರದೆಗೆ ಬರುವುದಿಲ್ಲ. ಹಾರ್ಫ್‌ಬಜ್‌ನಂಥ ಮುಕ್ತ ತಂತ್ರಾಂಶಗಳು ಆ ಕೆಲಸಕ್ಕೆಂದೇ ಇವೆ. ಇಲ್ಲಿ ಫ್ರೇಮಿನ ಕೊರತೆಯೇ ಅನುಕೂಲವಾಯಿತು. ಅದಕ್ಕೆ ಅಕ್ಷರ ಗೊತ್ತಿಲ್ಲ, ಚಿತ್ರ ಮಾತ್ರ ಗೊತ್ತು. ಆಕಾರ ಕಟ್ಟಿದ ಕನ್ನಡದ ಸಾಲನ್ನು ಚಿತ್ರ ಮಾಡಿ ಕಳಿಸಿದರೆ ಒತ್ತಕ್ಷರ ಸಹಿತ ತೋರಿಸುತ್ತದೆ. ಮರುದಿನ ಪ್ರಶಿಕ್ಷಣಾರ್ಥಿ ತೋರಿಸಿದ್ದು ಇದನ್ನೇ. ಮಾನಿಟರಿನ ಪಠ್ಯ ಪರದೆಯಲ್ಲಿ 'ಸ್ತ್ರೀ' ಎಂಬುದಕ್ಕೆ ಬದಲು ಅರ್ಥವಿಲ್ಲದ ಗುರುತುಗಳು, ಪಕ್ಕದ ಫ್ರೇಮಿನಲ್ಲಿ ಸರಿಯಾದ 'ಸ್ತ್ರೀ'. ಕನ್ನಡ ಬೋಧನಾ ವಿಧಾನದ ಉಪನ್ಯಾಸಕರು ಆ ಪಾಠಕ್ಕೆ ಬಂದು ಕೂತಿದ್ದರೆ, ಸಂಯುಕ್ತಾಕ್ಷರದ ಬಗ್ಗೆ ಅವರಿಗೂ ಒಂದು ಪಾಠಕ್ಕಾಗುವಷ್ಟು ವಸ್ತು ಸಿಗುತ್ತಿತ್ತು. ಆ ಎರಡನೇ ಪಾಠವನ್ನು ನೋಡಲು ವೀಕ್ಷಕರು ಯಾರೂ ನಿಯೋಜಿತರಾಗಿರಲಿಲ್ಲ. ನಾನು ಹೋಗಿದ್ದು ಬಿಡುವಿನ ಅವಧಿಯಲ್ಲಿ.

ಸಮಯದ ಆಕ್ಷೇಪವೊಂದು ಉಳಿಯುತ್ತದೆ, ಅದಕ್ಕೆ ತೂಕವಿದೆ. ಒಂದು ಫ್ರೇಮಿಗಾಗಿ ಪ್ರಶಿಕ್ಷಣಾರ್ಥಿ ಹಲವು ಸಂಜೆ ಕಳೆದರು. ಬೇರೆ ಪಾಠ ಟಿಪ್ಪಣಿಗಳು ತಡವಾದವು. 2014ರ ಎನ್‌ಸಿಟಿಇ ನಿಯಮಾವಳಿಯ ಪ್ರಕಾರ ಬಿ.ಎಡ್.ನಲ್ಲಿ ಶಾಲಾ ಅನುಭವಕ್ಕೆ 20 ವಾರ ಇದೆ. ಅದರಲ್ಲಿ ಪ್ರತಿ ಪಾಠಕ್ಕೂ ಒಂದೊಂದು ಹೊಸ ಉಪಕರಣ ಬೇಕು ಎಂಬ ನಮ್ಮ ರೂಢಿಯನ್ನು ಹಿಡಿದು ಕೂತರೆ ಇಂಥ ಕೆಲಸಕ್ಕೆ ಎಡೆಯಿಲ್ಲ, ಥರ್ಮಾಕೋಲೇ ಗತಿ. ಇಡೀ ಅವಧಿಗೆ ಎರಡು ಅಥವಾ ಮೂರು ಉಪಕರಣ ಸಾಕು, ಒಂದೊಂದನ್ನು ಹಲವು ಪಾಠಗಳಲ್ಲಿ ದುಡಿಸಲಿ ಎಂದರೆ ಲೆಕ್ಕ ಸರಿಹೋಗುತ್ತದೆ. ಈ ಫ್ರೇಮಿನಿಂದ ನಾಲ್ಕೈದು ಪಾಠ ತೆಗೆಯಬಹುದೆಂದು ಮೇಲಿನ ವಿವರಗಳಿಂದಲೇ ಗೊತ್ತಾಗುತ್ತದೆ.

ನಮೂನೆಯ ವಿಷಯದಲ್ಲಿ ನನ್ನ ಸೂಚನೆ ಸಣ್ಣದು. 'ಆಕರ್ಷಕತೆ' ಎಂಬ ಕಾಲಂ ತೆಗೆದು ಅಲ್ಲಿ "ಉಪಕರಣವನ್ನು ನೋಡಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು" ಎಂದು ಹಾಕೋಣ. ವೀಕ್ಷಕರು ಆ ಪ್ರಶ್ನೆಗಳನ್ನು ಮಕ್ಕಳ ಮಾತಿನಲ್ಲೇ ಬರೆದುಕೊಳ್ಳಲಿ. "ನಾಳೆ ಹೇಳ್ತೀನಿ" ಎಂದವರು ಮರುದಿನ ಹೇಳಿದರೇ ಎಂದು ನೋಡಿ ಆಮೇಲೆ ವಿಷಯ ಪ್ರಭುತ್ವದ ಅಂಕ ಹಾಕಲಿ. ಅದಕ್ಕೆ ವೀಕ್ಷಕರು ಸತತ ಎರಡು ದಿನ ಒಂದೇ ತರಗತಿಗೆ ಹೋಗಬೇಕಾಗುತ್ತದೆ. ವೇಳಾಪಟ್ಟಿ ಹಾಕುವವನು ನಾನೇ ಆದ್ದರಿಂದ ಅದು ಸಾಧ್ಯವೆಂದು ಹೇಳಬಲ್ಲೆ.

ಮುಂದಿನ ತಂಡದವರು ಇದನ್ನು ಮಾಡಲು ಹೊರಟರೆ ಮಿನಿ ಮಾನಿಟರ್ ಆಗಬಲ್ಲ ಫ್ರೇಮನ್ನೇ ಹುಡುಕಿಕೊಳ್ಳಿ. ಒಳತಂತ್ರಾಂಶ ಬದಲಿಸುವ ಪುಟ್ಟ ಫ್ರೇಮುಗಳು ಅಗ್ಗ, ಆದರೆ ಬರೆಯುವಾಗ ಕರೆಂಟು ಹೋದರೆ ಮತ್ತೆ ಏಳದೇ ಇರಬಹುದು. ಮೂಲ ತಂತ್ರಾಂಶದ ಪ್ರತಿ ತೆಗೆದಿಟ್ಟುಕೊಳ್ಳದೆ ಕೈ ಹಾಕಬೇಡಿ. ಹಳೆಯ ಫ್ರೇಮಿನ ಅಡಾಪ್ಟರ್ ಕಳೆದುಹೋಗಿದ್ದರೆ ಹಿಂಬದಿಯಲ್ಲಿ ಬರೆದ ವೋಲ್ಟೇಜನ್ನು ಓದಿಯೇ ಬೇರೆಯದನ್ನು ಹಾಕಿ. ಯಾರ ಮನೆಯಿಂದಲಾದರೂ ತಂದದ್ದಾದರೆ, ಒಳಗೆ ಉಳಿದಿರುವ ಅವರ ಫೋಟೊಗಳನ್ನು ಮೊದಲು ನಕಲು ಮಾಡಿ ಹಿಂದಿರುಗಿಸಿ, ಆಮೇಲೆ ತಂತಿ ಸಿಕ್ಕಿಸಿ.