ಹಾಲಿನ ದರವೂ ಸಹಕಾರದ ಧರ್ಮವೂ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲೂಕುಗಳ ಹಳ್ಳಿಗಳಲ್ಲಿ ಒಕ್ಕಲಿಗನ ಆದಾಯವು ಎರಡು ಬಗೆಯದು. ಭತ್ತ, ಹತ್ತಿ, ಗೋವಿನಜೋಳಗಳ ಹಣವು ಸುಗ್ಗಿಗೊಮ್ಮೆ ಬಂದು ಸಾಲದ ಲೆಕ್ಕಕ್ಕೆ ಸೇರಿಹೋಗುವದು. ಹಾಲಿನ ಹಣವಾದರೋ ವಾರಕ್ಕೋ ಪಕ್ಷಕ್ಕೋ ಕೈಗೆ ಬಂದು ಸಂತೆ, ಔಷಧ, ಮಕ್ಕಳ ಶಾಲೆಗಳಿಗೆ ಒದಗುವದು. ಆದುದರಿಂದ ಹಾಲಿನ ದರದಲ್ಲಿ ಒಂದು ರೂಪಾಯಿಯ ಏರಿಳಿತವೂ ಈ ಭಾಗಕ್ಕೆ ಸಣ್ಣ ಮಾತಲ್ಲ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆಯು ಲೀಟರಿಗೆ 4 ರೂಪಾಯಿ ಏರಿತು. ಈ ಏರಿಕೆಯು ಉತ್ಪಾದಕರಿಗೇ ಸಲ್ಲುವದೆಂದು ಸರಕಾರವು ಸಾರಿದ್ದಿತು. ಆದರೆ ಅದೇ ಹೊತ್ತಿಗೆ ಹಾವೇರಿ ಹಾಲು ಒಕ್ಕೂಟವು ತನಗಾದ ಹಾನಿಯನ್ನು ಮುಂದೆ ಮಾಡಿ ಖರೀದಿಯ ದರವನ್ನು 3 ರೂಪಾಯಿ 50 ಪೈಸೆ ಇಳಿಸಿತು. ಉತ್ಪಾದಕರು ಇದನ್ನು ಪ್ರತಿಭಟಿಸಿದುದರಲ್ಲಿ ಆಶ್ಚರ್ಯವೇನು? ಆ ಪ್ರಸಂಗವು ಹಿಂದೆ ಬಿದ್ದರೂ ಅದು ಎತ್ತಿದ ಪ್ರಶ್ನೆಯು ಹಾಗೆಯೇ ಉಳಿದಿದೆ.

ಒಕ್ಕೂಟದ ಅಡಚಣಿಯನ್ನು ನಾವು ಅಲ್ಲಗಳೆಯುವದಿಲ್ಲ. ಧಾರವಾಡ ಒಕ್ಕೂಟದಿಂದ ಬೇರ್ಪಟ್ಟ ಹೊಸ ಸಂಸ್ಥೆಯಿದು. ಮಾರಾಟವಾಗದೆ ಉಳಿದ ಹಾಲನ್ನು ಪುಡಿ, ಬೆಣ್ಣೆಗಳಾಗಿ ಮಾರ್ಪಡಿಸಬೇಕಾಗುವದು. ಪುಡಿಯ ಬೆಲೆ ಕುಸಿದರೆ ಹಾನಿ ತಪ್ಪದು. ಆದರೆ ಆ ಹಾನಿಯನ್ನು ಹೊರಬೇಕಾದವರು ಯಾರು? ಗಿರಣಿಯವನು ಪೇಟೆ ಬಿದ್ದಾಗ ಮಾಲನ್ನು ತಡೆದಿಡಬಲ್ಲನು. ಹಾಲು ಕರೆಯುವವನು ಸಂಜೆಯ ಹಾಲನ್ನು ಮರುದಿನದ ಪೇಟೆಗಾಗಿ ಕಾದಿಡಲಾರನು. ಹಿಂಡಿಯ ಅಂಗಡಿಯವನು, ಲಾರಿಯವನು, ಸಂಬಳದವನು ತಮ್ಮ ತಮ್ಮ ಹಣವನ್ನು ಪೂರ್ತಿ ಪಡೆದ ಮೇಲೆ ಉಳಿದುದು ಅವನ ಪಾಲು. ಬಲಹೀನನೆಂಬ ಕಾರಣದಿಂದಲೇ ಹೊರೆಯನ್ನು ಅವನ ಹೆಗಲಿಗೇರಿಸುವದು ವ್ಯಾಪಾರವೆನಿಸಬಹುದು, ಸಹಕಾರವೆನಿಸಲಾರದು.

ಸಹಕಾರವು ಈ ನಾಡಿಗೆ ಹೊಸದಲ್ಲ. ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಕಟ್ಟಿದರು. 1946ರಲ್ಲಿ ಗುಜರಾತದ ಖೇಡಾ ಜಿಲ್ಲೆಯ ಹಾಲುಗಾರರು ಖಾಸಗಿ ಡೇರಿಯ ದರಕ್ಕೆ ತಲೆಬಾಗದೆ, ಸರದಾರ ಪಟೇಲರ ಸಲಹೆಯಂತೆ ತಮ್ಮದೇ ಒಕ್ಕೂಟವನ್ನು ಸ್ಥಾಪಿಸಿದರು. ದುಡಿಯುವವನೇ ತನ್ನ ಸಂಸ್ಥೆಯ ಒಡೆಯನಾಗಬೇಕೆಂಬದೇ ಈ ಎರಡೂ ಯತ್ನಗಳ ಜೀವಾಳ. ಹಳ್ಳಿಯ ಪಾಲಿಗೆ ಸ್ವರಾಜ್ಯವೆಂದರೆ ಇದೇ. ಒಡೆಯನನ್ನು ಕೇಳದೆಯೇ ಅವನ ಕೂಲಿಯನ್ನು ಕಡಿಯುವ ಸಂಸ್ಥೆಯಲ್ಲಿ ಒಡೆತನವು ಹೆಸರಿಗೆ ಮಾತ್ರ ಉಳಿಯುವದು.

ಆದುದರಿಂದ ನಾವು ಮೂರು ಮಾತುಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಮಾರಾಟ, ಸಾಗಾಟ, ಸಂಬಳ, ಪುಡಿಯ ಹಾನಿ ಇವುಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರತಿಯೊಂದು ಸಂಘದ ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಅಂಟಿಸಬೇಕು. ಸದಸ್ಯರ ಸಭೆಯ ಮುಂದಿಡದೆ ದರವನ್ನು ಇಳಿಸಕೂಡದು. ಎರಡನೆಯದಾಗಿ, 2016ರಿಂದ ಲೀಟರಿಗೆ 5 ರೂಪಾಯಿಯಂತೆ ಗೊತ್ತಾದ ಸರಕಾರದ ಪ್ರೋತ್ಸಾಹಧನವು ತಿಂಗಳುಗಟ್ಟಲೆ ಬಾಕಿ ಉಳಿಯಕೂಡದು. ಮೂರನೆಯದಾಗಿ, ಮೇವು ತಂದು, ಸಗಣಿ ಬಾಚಿ, ಹಾಲು ಕರೆಯುವ ಹೆಣ್ಣುಮಕ್ಕಳ ಹೆಸರು ಸಂಘದ ಪಟ್ಟಿಯಲ್ಲಿರಬೇಕು, ಅವರ ಮತಕ್ಕೆ ಬೆಲೆಯಿರಬೇಕು.

ಪಟ್ಟಣವಾಸಿಗಳಾದ ನಮ್ಮ ವಾಚಕರಿಗೂ ಇದರಲ್ಲಿ ಕರ್ತವ್ಯವಿದೆ. ಒಕ್ಕಲಿಗನ ಹೆಸರಿನಲ್ಲಿ ಹೆಚ್ಚಿನ ಬೆಲೆಯನ್ನು ತೆರುವವರು ಅವರೇ. ಆ ಹಣವು ಹಿರೇಕೆರೂರಿನ ಕೊಟ್ಟಿಗೆಯನ್ನು ಮುಟ್ಟಿತೇ ಎಂದು ಕೇಳುವ ಹಕ್ಕು ಅವರಿಗಿದೆ. ಅದನ್ನು ಅವರು ಗಟ್ಟಿಯಾಗಿ ಕೇಳಬೇಕು.