ಕಡೆಯ ಸಾಲಿಗೆ 15 ಮೀಟರ್

ಓದಲೆಂದು ಬರ್ಮಿಂಗ್‌ಹ್ಯಾಮಿನಲ್ಲಿದ್ದ 2006-07ರ ವರ್ಷದಲ್ಲಿ ನಾನು ಸ್ಟ್ರಾಟ್‌ಫರ್ಡಿಗೆ 9 ಸಲ ಹೋಗಿ ಬಂದೆ. ಮೊದಲ ಸಲ ಹೋದದ್ದು ಶೇಕ್ಸ್‌ಪಿಯರ್ ಹುಟ್ಟಿದ ಮನೆ ನೋಡಲು, ಮಿಕ್ಕ 8 ಸಲ ನಾಟಕಕ್ಕೆ. ರಂಗಭೂಮಿಗೆ ಮೀಸಲಾದ ಈ ಸಂಚಿಕೆಗೆ ಸಂಪಾದಕೀಯ ಬರೆಯಲು ಕೂತಾಗ ಆ ವರ್ಷದ ಟಿಕೆಟ್ ಚೂರುಗಳನ್ನು ಪೆಟ್ಟಿಗೆಯಿಂದ ಹೊರತೆಗೆದೆ. ಅಲ್ಲಿಂದ ಏನು ತಂದೆ, ತಂದದ್ದರಲ್ಲಿ ಇಲ್ಲಿ ಬೇರೂರಿದ್ದೆಷ್ಟು ಎಂಬ ಲೆಕ್ಕ ಬಹಳ ವರ್ಷಗಳಿಂದ ಬಾಕಿಯಿತ್ತು.

ಹೆನ್ಲಿ ಸ್ಟ್ರೀಟಿನ ಆ ಮರದ ಚೌಕಟ್ಟಿನ ಮನೆ ಚೆಂದವಾಗಿದೆ. ಅಪ್ಪ ಜಾನ್ ಕೈಗವಸು ಮಾಡಿ ಮಾರುತ್ತಿದ್ದವನು. ಹಳೆಯ ಕಿಟಕಿಯೊಂದರ ಗಾಜಿನ ಮೇಲೆ ವಾಲ್ಟರ್ ಸ್ಕಾಟ್ ಮುಂತಾದವರು ಗೀಚಿಹೋದ ಹೆಸರುಗಳಿವೆ. ಹಿಂದಿನ ತೋಟದಲ್ಲಿ ರವೀಂದ್ರನಾಥ ಟಾಗೋರರ ಪ್ರತಿಮೆ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಪರವೂರಿನ ಜಾತ್ರೆಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಕಂಡ ಹಾಗಾಗಿತ್ತು. 1564ರ ಏಪ್ರಿಲ್ 26ರಂದು ಕೂಸಿಗೆ ದೀಕ್ಷಾಸ್ನಾನವಾದ, 1616ರಲ್ಲಿ ದೇಹ ಮಣ್ಣು ಸೇರಿದ ಹೋಲಿ ಟ್ರಿನಿಟಿ ಚರ್ಚಿಗೂ ಹೋದೆ. ಎಲ್ಲವನ್ನೂ ಭಕ್ತಿಯಿಂದಲೇ ನೋಡಿದೆ. ಆದರೂ ಸಂಜೆಯ ರೈಲು ಹತ್ತುವಾಗ, ನೋಡಲು ಬಂದವನು ಮಾತ್ರ ಮನೆಯಲ್ಲಿರಲಿಲ್ಲ ಎನ್ನಿಸಿತು.

ಅವನು ಸಿಗುವುದು ನಾಟಕದಲ್ಲಿ ಎಂಬುದು ಆ ಊರಿಗೂ ಬೇಗ ಅರ್ಥವಾದ ಸಂಗತಿಯಲ್ಲ. ಶೇಕ್ಸ್‌ಪಿಯರ್ ದುಡಿದ ಹಣದಲ್ಲಿ ಕೊಂಡು, ಕಡೆಗಾಲ ಕಳೆದ ನ್ಯೂ ಪ್ಲೇಸ್ ಎಂಬ ಜಾಗದ ಕಟ್ಟಡವನ್ನು 1759ರಲ್ಲಿ ಅದರ ಆಗಿನ ಒಡೆಯನಾದ ಪಾದ್ರಿಯೇ ಕೆಡವಿಸಿದ. ಹತ್ತು ವರ್ಷದ ಬಳಿಕ ನಟ ಡೇವಿಡ್ ಗ್ಯಾರಿಕ್ ಅದೇ ಊರಿನಲ್ಲಿ ಮೂರು ದಿನಗಳ ಉತ್ಸವ ಮಾಡಿದ. ಮಳೆ ಸುರಿಯಿತು, ಏವನ್ ನದಿ ಉಕ್ಕಿತು. ಹಾಡು, ಔತಣ, ಭಾಷಣ ಎಲ್ಲ ಇದ್ದ ಆ ಉತ್ಸವದಲ್ಲಿ ಶೇಕ್ಸ್‌ಪಿಯರನ ಒಂದೇ ಒಂದು ನಾಟಕವನ್ನೂ ಆಡಲಿಲ್ಲ. 1847ರಲ್ಲಿ ಹುಟ್ಟಿದ ಮನೆಯನ್ನು 3,000 ಪೌಂಡಿಗೆ ಹರಾಜಿನಲ್ಲಿ ಕೊಂಡು ಉಳಿಸಿಕೊಂಡರು. ನದೀದಂಡೆಯಲ್ಲಿ ಸ್ಮಾರಕ ರಂಗಮಂದಿರ ಬಾಗಿಲು ತೆರೆದದ್ದು 1879ರಲ್ಲಿ. ಅದಕ್ಕೆ ಜಾಗ ಕೊಟ್ಟವನು ಊರಿನ ಬಿಯರ್ ತಯಾರಕ ಚಾರ್ಲ್ಸ್ ಫ್ಲವರ್. 1926ರಲ್ಲಿ ಅದು ಸುಟ್ಟುಹೋಯಿತು. 1932ರಲ್ಲಿ ಎಲಿಸಬೆತ್ ಸ್ಕಾಟ್ ವಿನ್ಯಾಸ ಮಾಡಿದ ಹೊಸದು ಎದ್ದಿತು. ಪ್ರೇಕ್ಷಕರು ತೀರ ದೂರ ಎಂಬುದು ಅಲ್ಲಿ ಆಡಿದ ನಟರ ಹಳೆಯ ದೂರು.

2007ರ ವಸಂತದಲ್ಲಿ ಆ ಮಂದಿರವನ್ನು ಒಳಗಿನಿಂದ ಮತ್ತೆ ಕಟ್ಟಲೆಂದು ಮುಚ್ಚಿದ್ದರು. ನಾಟಕಗಳು ಕೋರ್ಟ್‌ಯಾರ್ಡ್ ಎಂಬ ತಾತ್ಕಾಲಿಕ ರಂಗಮಂದಿರಕ್ಕೆ ಬಂದಿದ್ದವು. ಹೊರಗಿನಿಂದ ನೋಡಿದರೆ ತುಕ್ಕು ಬಣ್ಣದ ಉಕ್ಕಿನ ಪೆಟ್ಟಿಗೆ. ಒಳಗೆ ರಂಗ ಜನರ ನಡುವಿಗೆ ಚಾಚಿಕೊಂಡಿತ್ತು, ಮೂರು ಕಡೆಯೂ ಪ್ರೇಕ್ಷಕರು. ಅಲ್ಲಿ ಟ್ರೆವರ್ ನನ್ ನಿರ್ದೇಶಿಸಿದ ‘ಕಿಂಗ್ ಲಿಯರ್’ ನೋಡಿದೆ. ಇಯಾನ್ ಮೆಕೆಲನ್ ದೊರೆ, ಸಿಲ್ವೆಸ್ಟರ್ ಮೆಕಾಯ್ ವಿದೂಷಕ. ಮೂರನೆಯ ಅಂಕದ ಬಳಿಕ ವಿದೂಷಕ ಏನಾದನೆಂದು ನಾಟಕದ ಪಠ್ಯ ತೋರಿಸುವುದಿಲ್ಲ. ನನ್ ಅದನ್ನು ತೋರಿಸಿದರು. ಮಧ್ಯಂತರಕ್ಕೆ ತುಸು ಮುಂಚೆ, ನಮ್ಮೆಲ್ಲರ ಕಣ್ಣೆದುರೇ, ಸೈನಿಕರು ಅವನನ್ನು ನೇಣಿಗೆ ಹಾಕಿದರು. ದೀಪ ಹೊತ್ತಿದಾಗ ಪಕ್ಕದ ಅಜ್ಜಿ ಕೂತಲ್ಲಿಂದ ಏಳಲಿಲ್ಲ. ನಾನೂ ಏಳಲಿಲ್ಲ. ಮಾಸ್ತಿಯವರ ‘ಲಿಯರ್ ಮಹಾರಾಜ’ವನ್ನು ಎರಡು ಸಲ ಓದಿದ್ದ ನನಗೆ ಆ ವಿದೂಷಕನ ಗತಿ ಒಮ್ಮೆಯೂ ಕಾಡಿರಲಿಲ್ಲ.

ಆಮೇಲೆ ಯೋಚಿಸಿದೆ, ಇಷ್ಟು ಗಾಢವಾಗಿ ತಟ್ಟಿದ್ದು ಯಾವುದರಿಂದ? ನಟರ ಕಸುಬು ದೊಡ್ಡದೇ. ಆದರೆ ಮೆಕೆಲನ್ನರ ಗಂಟಲ ನರ ನನಗೆ ಕಾಣುತ್ತಿತ್ತು. 2010ರ ಕೊನೆಯಲ್ಲಿ ದೊಡ್ಡ ಮಂದಿರ ಮತ್ತೆ ತೆರೆದಾಗ ಅದನ್ನೂ ಇದೇ ಮಾದರಿಯಲ್ಲಿ ಕಟ್ಟಿದ್ದರು. ಹಿಂದೆ ರಂಗಕ್ಕೂ ಅತಿ ದೂರದ ಆಸನಕ್ಕೂ 27 ಮೀಟರ್ ಇದ್ದದ್ದು ಈಗ 15 ಮೀಟರಿಗೆ ಇಳಿದಿದೆ. ಹುಟ್ಟೂರು ತನ್ನ ನಾಟಕಕಾರನಿಗೆ ಸಲ್ಲಿಸಿದ ಗೌರವಗಳಲ್ಲಿ ನನ್ನ ಲೆಕ್ಕಕ್ಕೆ ಈ 12 ಮೀಟರೇ ದೊಡ್ಡದು.

ಮೂರು ಕಡೆ ಜನ ಕೂತು ನೋಡುವ ರಂಗ ನಮಗೆ ಹೊಸದೇ? ಕೊಯ್ದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಆಡುವ ಯಕ್ಷಗಾನ ಬಯಲಾಟದ ಎದುರು ಚಾಪೆ ಹಾಸಿಕೊಂಡು ಬೆಳಗು ಮಾಡಿದವರ ಮಕ್ಕಳು ನಾವು. ಚೌಕಟ್ಟಿನ ರಂಗ, ಚಿತ್ರ ಬರೆದ ಪರದೆ ಇವೆಲ್ಲ ಇಂಗ್ಲೆಂಡಿನಿಂದ ಪಾರ್ಸಿ ಕಂಪನಿಗಳ ಮೂಲಕ ನಮ್ಮ ಕಂಪನಿ ನಾಟಕಕ್ಕೆ ಬಂದವು. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿ ನಾಟಕದ ಹುಚ್ಚು ಹತ್ತಿಸಿಕೊಂಡು ಮರಳಿದ ಕೈಲಾಸಂ, ಅವರ ಬಳಿಕ ಅಲ್ಲೇ ಓದಿದ ಶ್ರೀರಂಗರು, ನಮ್ಮ ಮನೆಯ ಪಡಸಾಲೆಯನ್ನು ಅಲ್ಲಿ ಆಡುವ ಕನ್ನಡದೊಂದಿಗೆ ರಂಗಕ್ಕೆ ತಂದರು. ಆ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಚೌಕಟ್ಟು ಹಾಗೆಯೇ ಉಳಿಯಿತು. 1960ರಿಂದ 63ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದ ಗಿರೀಶ ಕಾರ್ನಾಡರು ‘ಹಯವದನ’ಕ್ಕೆ ಭಾಗವತನನ್ನೂ ಅರ್ಧ ಪರದೆಯನ್ನೂ ಕರೆದದ್ದು, ಕಂಬಾರರು ‘ಜೋಕುಮಾರಸ್ವಾಮಿ’ಯಲ್ಲಿ ಬಯಲಾಟಕ್ಕೆ ಹೊರಳಿದ್ದು ನಮ್ಮ ಕಡೆಯಿಂದ ಆ ದೂರ ಕಡಿಮೆ ಮಾಡುವ ಕೆಲಸವೇ ಆಗಿತ್ತು. ಲೀಡ್ಸಿನಲ್ಲಿ ರಂಗಭೂಮಿ ಓದಿದ ಕೆ.ವಿ. ಅಕ್ಷರ ಹೆಗ್ಗೋಡಿಗೇ ಮರಳಿದರು. 1985ರಿಂದ ಅಲ್ಲಿನ ನೀನಾಸಮ್ ರಂಗಸಂಸ್ಥೆಯ ತಿರುಗಾಟ ತಂಡ ನಾಟಕವನ್ನೇ ಹೊತ್ತು ಊರೂರಿಗೆ ಹೋಗುತ್ತಿದೆ. 2004ರಲ್ಲಿ ಬೆಂಗಳೂರಿನಲ್ಲಿ ತೆರೆದ ರಂಗಶಂಕರದಲ್ಲಿ ಸುಮಾರು 300 ಆಸನಗಳಷ್ಟೇ. ನಟರ ಉಸಿರು ಕೇಳಿಸುತ್ತದೆ.

ಬಾಕಿ ಇರುವುದು ಜಿಲ್ಲೆ, ತಾಲ್ಲೂಕುಗಳ ರಂಗಮಂದಿರ. ಅವುಗಳಲ್ಲಿ ಎಷ್ಟೋ ಸಭೆಗೆಂದು ಕಟ್ಟಿದವು, ನಾಟಕಕ್ಕೆ ಎರವಲು ಸಿಕ್ಕವು. ಎತ್ತರದ ವೇದಿಕೆ, ಅದರ ಮುಂದೆ ಖಾಲಿ ನೆಲ, ಆಮೇಲೆ ಗಣ್ಯರ ಸೋಫಾ, ಅದರ ಹಿಂದೆ ಕುರ್ಚಿಗಳು. ಮೈಕಿಲ್ಲದಿದ್ದರೆ ಮಾತು ಅರ್ಧ ದಾರಿಯಲ್ಲೇ ಉಳಿಯುತ್ತದೆ. ಇದರಲ್ಲಿ ಹುಡುಗರು ‘ಮ್ಯಾಕ್‌ಬೆತ್’ ಆಡುತ್ತಾರೆ, ಗಂಟಲು ಹರಿದುಕೊಂಡು ಆಡುತ್ತಾರೆ. ಅವರ ಮೇಲೆ ನನಗೆ ಅಪಾರ ಪ್ರೀತಿ. ಅದಕ್ಕೇ ಮುಂದೆ ಕಟ್ಟುವ ಪ್ರತಿ ಮಂದಿರದ ನಕ್ಷೆಯನ್ನೂ ಎಂಜಿನಿಯರು ಒಪ್ಪುವ ಮುಂಚೆ ನಟರೊಬ್ಬರು ನೋಡಬೇಕೆಂದು ಈ ಪತ್ರಿಕೆ ಕೇಳುತ್ತಿದೆ.

ಕಳೆದ ತಿಂಗಳು ನಮ್ಮೂರಿನ ರಂಗಮಂದಿರದಲ್ಲಿ ನಾಟಕ ಮುಗಿದ ಮೇಲೆ ವೇದಿಕೆಯ ಅಂಚಿನಿಂದ ಕಡೆಯ ಸಾಲಿನವರೆಗೆ ಹೆಜ್ಜೆ ಹಾಕಿ ಅಳೆದೆ. 44 ಹೆಜ್ಜೆ. ಅಲ್ಲಿ ಒಬ್ಬಾಕೆ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕುತ್ತಿದ್ದಳು.