ಪುಸ್ತಕ ಬಂತು, ಕೊಡುವವರು ಬರಲಿಲ್ಲ

ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಕೇಂದ್ರ ಸರ್ಕಾರದ ಶಾಲೆ. ನವೋದಯಗಳ ಹುದ್ದೆಗಳ ಪಟ್ಟಿಯಲ್ಲಿ ಗ್ರಂಥಪಾಲಕರಿಗೂ ಒಂದು ಸಾಲು ಉಂಟು. ಅದೇ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳ ಪಟ್ಟಿ ತೆಗೆದು ನೋಡಿ. ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು, ಪಿ.ಇ. ಮೇಷ್ಟ್ರು, ಗುಮಾಸ್ತರು. ಗ್ರಂಥಪಾಲಕರದು ಖಾಲಿ ಹುದ್ದೆಯಲ್ಲ, ಹುದ್ದೆಯೇ ಇಲ್ಲ. ಪ್ರವೇಶ ಪರೀಕ್ಷೆ ಪಾಸಾದ ಮಗುವಿಗೆ ಗ್ರಂಥಪಾಲಕರು, ಪಾಸಾಗದ ಮಗುವಿಗೆ ಬೀಗ ಹಾಕಿದ ಬೀರು! ಇದನ್ನು ಇಷ್ಟು ವರ್ಷ ಹೇಗೆ ಸಹಿಸಿಕೊಂಡು ಕೂತೆವು?

ಕಾನೂನೂ ಇಲ್ಲಿ ಕೈಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಇರಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಗೆ, ಮಕ್ಕಳು ನೂರು ದಾಟಿದರೆ, ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದೂ ಬರೆದಿದೆ. ಪುಸ್ತಕ ತೆಗೆದು ಮಗುವಿನ ಕೈಗಿಡುವ ಮನುಷ್ಯರ ಮಾತೇ ಇಲ್ಲ. 2018ರ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ದರ್ಜೆ ನೋಡಿ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಗ್ರಂಥಾಲಯ ಅನುದಾನ ನಿಗದಿ ಮಾಡಿತು. ಅನುದಾನ ಬಂದರೆ ಪುಸ್ತಕದ ಬಂಡಲ್ ಬರುತ್ತದೆ, ದಾಸ್ತಾನು ವಹಿಗೆ ಏರುತ್ತದೆ, ಬೀರು ಸೇರುತ್ತದೆ.

ಬೀಗ ಹಾಕಿದ ಮೇಷ್ಟ್ರನ್ನು ಬಯ್ಯಬೇಡಿ. ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸಗಳ ಮೇಲೆ ಗ್ರಂಥಾಲಯದ ಚಾರ್ಜೂ ಅವರ ಹೆಗಲಿಗೇ ಬಿದ್ದಿರುತ್ತದೆ. ವರ್ಗವಾಗಿ ಹೋಗುವಾಗ ಪುಸ್ತಕ ಎಣಿಸಿ ಒಪ್ಪಿಸಬೇಕು. ಹರಿದ ಪುಸ್ತಕಕ್ಕೆ ಉತ್ತರ ಹೇಳಬೇಕು. ಯಾರೂ ಓದದ ಪುಸ್ತಕಕ್ಕೆ ಉತ್ತರ ಕೇಳುವವರಿಲ್ಲ. ಇಂಥ ಲೆಕ್ಕದಲ್ಲಿ ಯಾರಾದರೂ ಬೀಗವನ್ನೇ ಹಾಕುತ್ತಾರೆ.

ಗ್ರಂಥಪಾಲಕರು ಬಂದರೆ ಏನಾಗುತ್ತದೆ? ಜಗಳೂರಿನ ರಂಗಯ್ಯನದುರ್ಗದ ಕಾಡಂಚಿನಲ್ಲಿ ಕೊಂಡುಕುರಿ ಕಂಡ ಹುಡುಗ, ಅದಕ್ಕೆ ನಾಲ್ಕು ಕೊಂಬು ಯಾಕೆ ಅಂತ ಕೇಳುತ್ತಾನೆ. ಪಠ್ಯದಲ್ಲಿಲ್ಲದ ಪ್ರಶ್ನೆ. ಕೈಯಲ್ಲಿ ತೇಜಸ್ವಿಯವರ ‘ಪರಿಸರದ ಕತೆ’ ಹಿಡಿದು, ಇದನ್ನು ಓದಿ ಬಾ, ಮತ್ತೆ ಮಾತಾಡೋಣ ಅನ್ನುವವರೊಬ್ಬರು ಆಗ ಅಲ್ಲಿರಬೇಕು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವ ನ್ಯಾಮತಿ ತಾಲ್ಲೂಕಿನಲ್ಲಿ, ಮನೆಯಲ್ಲಿ ಲಂಬಾಣಿ ಆಡುವ ಮಗು ಒಂದನೇ ತರಗತಿಗೆ ಕಾಲಿಟ್ಟ ದಿನವೇ ಕನ್ನಡ ಅಕ್ಷರದ ಮುಂದೆ ಕೂರುತ್ತದೆ. ಚಿತ್ರ ತೋರಿಸುತ್ತಾ ಗಟ್ಟಿಯಾಗಿ ಕಥೆ ಓದಿ ಹೇಳುವವರಿದ್ದರೆ ಆ ಮಗುವಿಗೆ ಕನ್ನಡ ಕಿವಿಯಿಂದ ಒಳಗಿಳಿಯುತ್ತದೆ. ಸೂಳೆಕೆರೆಯ ದಂಡೆಯ ಹುಡುಗಿಗೆ ಕೆರೆ ಕಟ್ಟಿಸಿದ ಶಾಂತವ್ವೆಯ ಕಥೆ ಅಜ್ಜಿ ಹೇಳಿರುತ್ತಾಳೆ; ಅಷ್ಟು ದೊಡ್ಡ ಕೆರೆ ಕಟ್ಟಿದ ವಿದ್ಯೆ ಎಂಥದ್ದು ಅಂತ ತೋರಿಸುವ ಪುಸ್ತಕವನ್ನು ಹುಡುಕಿ ಕೊಡಬೇಕಾದವರು ಯಾರು?

ಇನ್ನೂ ಒಂದು ಮಾತು, ನನಗೆ ಎಲ್ಲಕ್ಕಿಂತ ದೊಡ್ಡದು. ಶಾಲೆಯಲ್ಲಿ ಅಂಕ ಕೊಡದ, ಹೋಂವರ್ಕ್ ಕೇಳದ ದೊಡ್ಡವರೆಂದರೆ ಗ್ರಂಥಪಾಲಕರು. ಹೊನ್ನಾಳಿಯ ಹೈಸ್ಕೂಲು ಹುಡುಗಿ ಕ್ಲಾಸಿನಲ್ಲಿ ಬಾಯಿಬಿಟ್ಟು ಕೇಳಲಾರದ್ದನ್ನು, ಮೈಯ ಬಗ್ಗೆಯೋ ಮನೆಯಲ್ಲಿ ಎತ್ತಿರುವ ಮದುವೆ ಮಾತಿನ ಬಗ್ಗೆಯೋ, ಅವರೆದುರು ಪುಸ್ತಕದ ನೆಪದಲ್ಲಿ ಕೇಳಬಲ್ಲಳು. ಯಾವ ಇನ್‌ಸ್ಪೆಕ್ಷನ್ ವರದಿಯಲ್ಲೂ ಇದಕ್ಕೆ ಕಾಲಂ ಇಲ್ಲ. ಪ್ರತಿ ಓದುಗರಿಗೂ ತಕ್ಕ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುಗರು ಸಿಗಬೇಕು ಎಂಬ ತತ್ವವನ್ನು ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟರು. ಅವರು ಕಡೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ದುಡ್ಡಿಲ್ಲ ಅನ್ನುವ ಮಾತು ಬರುತ್ತದೆ, ಗೊತ್ತು. ಹಾಗಾದರೆ ಮನೆ ಕಂದಾಯದ ರಸೀದಿ ತೆಗೆದು ಓದಿ. ಶಿಕ್ಷಣ ಕರ, ಆರೋಗ್ಯ ಕರದ ಜೊತೆ ಗ್ರಂಥಾಲಯ ಕರ ಅಂತಲೂ ಒಂದು ಸಾಲಿದೆ, ಕಂದಾಯದ ನೂರು ರೂಪಾಯಿಗೆ ಆರು ರೂಪಾಯಿಯಂತೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ದುಡ್ಡಷ್ಟೇ ಅಲ್ಲ, ಜನವೂ ಇದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಶಾಲೆ ಮುಚ್ಚಿದ್ದ ಕೊರೊನಾ ಕಾಲದಲ್ಲಿ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಊರ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಅಲ್ಲಿನ ಮೇಲ್ವಿಚಾರಕರು ಗೌರವಧನದಲ್ಲೇ ಎಷ್ಟೋ ವರ್ಷ ದುಡಿದವರು. ನಮ್ಮ ಹಳ್ಳಿ ಮಕ್ಕಳಿಗೆ ಗ್ರಂಥಪಾಲಕರೆಂದು ಇರುವವರು ಸದ್ಯಕ್ಕೆ ಅವರೊಬ್ಬರೇ. ಅವರಿಗೆ ಮಾನದ ಸಂಬಳ ಕೊಟ್ಟು, ವಾರಕ್ಕೆರಡು ದಿನ ಶಾಲೆಗೆ ಕರೆಯುವುದಕ್ಕೆ ಯಾವ ತಡೆಯಿದೆ?

ಎಸ್‌ಡಿಎಂಸಿ ಸದಸ್ಯರೇ, ಶಾಲೆಗೆ ಕಮಾನು ಕಟ್ಟಿಸಲು ಓಡಾಡಿದಿರಿ, ಒಳ್ಳೆಯದು. ವೇಳಾಪಟ್ಟಿಯಲ್ಲಿ ಗ್ರಂಥಾಲಯದ ಪೀರಿಯಡ್ ಹಾಕಿಸಿ. ಹರಿದುಹೋದ ಪುಸ್ತಕಕ್ಕೆ ಮೇಷ್ಟ್ರು ಹೊಣೆಯಲ್ಲ ಎಂದು ಠರಾವು ಬರೆದು ಬಿಇಓ ಕಚೇರಿಗೆ ಕಳಿಸಿ. ಅಡಿಕೆ ಕೈಗೆ ಬಂದ ವರ್ಷ ದೇವಸ್ಥಾನಕ್ಕೆ ಧಾರಾಳವಾಗಿ ಕೊಡುವ ತೋಟದ ಯಜಮಾನರೇ, ಒಬ್ಬ ಪದವೀಧರೆಗೆ ಒಂದು ವರ್ಷದ ಸಂಬಳ ನಿಮಗೆ ಭಾರವಲ್ಲ. ಚನ್ನಗಿರಿ, ಜಗಳೂರು, ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳು ಆರಿಸಿ ಕಳಿಸಿದ ಶಾಸಕರೇ, ಹುದ್ದೆ ಸೃಷ್ಟಿಯಾಗಬೇಕಾದದ್ದು ವಿಧಾನಸೌಧದಲ್ಲಿ; ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ, ಸಾಕು.

ಅಪ್ಪ ಅಮ್ಮಂದಿರು ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಕಂದಾಯದ ರಸೀದಿ ಹಿಡಿದು ಹೋಗಿ, ಆ ಆರು ರೂಪಾಯಿ ಎಲ್ಲಿ ಹೋಯಿತು ಅಂತ ಎದ್ದು ನಿಂತು ಕೇಳಿ. ಉತ್ತರ ನಡಾವಳಿಯಲ್ಲಿ ದಾಖಲಾಗುವವರೆಗೆ ಕೂರಬೇಡಿ.